ಹಿಮ್ಮಡಿ ನರದ ನೋವಿಟ್ಟುಕೊಂಡು ಮ್ಯಾರಥಾನ್ ತಯಾರಿ: ಆಗಸ್ಟ್‌ನಿಂದ ಜನವರಿವರೆಗೆ 24 ವಾರ

ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗುವ ಮೊದಲ ಹತ್ತು ಹೆಜ್ಜೆ ಕುಂಟು. ಹಲ್ಲುಜ್ಜಿ ಕಾಫಿ ಮುಗಿಸುವಷ್ಟರಲ್ಲಿ ಸರಿಹೋಗುತ್ತದೆ. ಓಡಲು ಹೊರಟರೆ ಮೊದಲ ಕಿಲೋಮೀಟರ್ ಬಿಗಿ, ಆಮೇಲೆ ನೋವೇ ಗೊತ್ತಾಗುವುದಿಲ್ಲ. ಮನೆಗೆ ಬಂದು ಒಂದು ಗಂಟೆ ಕುರ್ಚಿಯಲ್ಲಿ ಕೂತು ಎದ್ದರೆ ಮತ್ತೆ ಕುಂಟು. ಹಿಮ್ಮಡಿಯ ಹಿಂದಿನ ದಪ್ಪ ನರ, ಅಂದರೆ ಅಕಿಲಿಸ್ ಟೆಂಡನ್, ಕೆಟ್ಟಾಗ ಓಟಗಾರರು ಹೇಳುವುದು ಹೆಚ್ಚುಕಡಿಮೆ ಇದನ್ನೇ. ರೂಢಿಯಲ್ಲಿ ನರ ಎನ್ನುತ್ತೇವೆ. ನಿಜಕ್ಕೂ ಅದು ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಬಿಗಿದು ಕಟ್ಟಿರುವ ಹುರಿ. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಆರೆಂಟು ಪಟ್ಟು ಎಳೆತ ಅದರ ಮೇಲೆ ಬೀಳುತ್ತದೆ.

ಎರಡು ತಿಂಗಳು ಕಾಲು ಚಾಚಿ ಮಲಗಿದರೆ ನೋವು ಹೋಗುತ್ತದೆ, ಓಡಿದ ಮೊದಲ ವಾರವೇ ಮರಳಿ ಬರುತ್ತದೆ. ಕಾರಣ ಸರಳ: ಭಾರವಿಲ್ಲದ ಹುರಿ ಇನ್ನಷ್ಟು ದುರ್ಬಲವಾಗುತ್ತದೆ. ಹಾಗೆಂದು ಹಲ್ಲುಕಚ್ಚಿ ಓಡಿದರೆ ಹುರಿ ದಪ್ಪಗಾಗಿ, ಗಂಟುಗಟ್ಟಿ, ತಿಂಗಳುಗಳ ಕಾಟವಾಗುತ್ತದೆ. ಇದಕ್ಕೆ ಬೇಕಾದದ್ದು ಅಳೆದು ಹಾಕಿದ ಭಾರ. ಆದ್ದರಿಂದಲೇ ಈ ಗಾಯದ ಜೊತೆ ಮ್ಯಾರಥಾನ್ ತಯಾರಿ ಸಾಧ್ಯ. ಮೂಳೆ ಬಿರುಕಿನ ಜೊತೆ ಅದು ಸಾಧ್ಯವಿಲ್ಲ.

ಇಲ್ಲಿರುವ ಲೆಕ್ಕ ಮುಂಬೈ ಮ್ಯಾರಥಾನ್‌ಗೆ ಹಾಕಿದ್ದು. ಅದು ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ ನಡೆಯುತ್ತದೆ. ಅಲ್ಲಿಂದ 24 ವಾರ ಹಿಂದಕ್ಕೆ ಎಣಿಸಿದರೆ ಆಗಸ್ಟ್ ಮೊದಲ ವಾರ. ಗಾಯಕ್ಕೆ ಮುಂಚೆ ವಾರಕ್ಕೆ 35-40 ಕಿ.ಮೀ. ಓಡುತ್ತಿದ್ದು, ಒಂದಾದರೂ ಹಾಫ್ ಮ್ಯಾರಥಾನ್ ಮುಗಿಸಿದವರಿಗೆ ಇದು ಹೊಂದುತ್ತದೆ. ಮೊದಲ ಸಲ ಓಡಲು ಹೊರಟವರು ಗಾಯ ಇಟ್ಟುಕೊಂಡು 42.195 ಕಿ.ಮೀ.ಗೆ ಕೈಹಾಕಬೇಡಿ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಮೊದಲು ನೋವಿನ ಜಾಗ ಗುರುತಿಸಿ

ಹೆಬ್ಬೆರಳು, ತೋರುಬೆರಳಿನಿಂದ ಹುರಿಯನ್ನು ಎರಡೂ ಬದಿಯಿಂದ ಮೆಲ್ಲಗೆ ಚಿವುಟುತ್ತಾ ಹಿಮ್ಮಡಿ ಮೂಳೆಯಿಂದ ಮೇಲಕ್ಕೆ ಬನ್ನಿ. ಮೂಳೆಯಿಂದ 2ರಿಂದ 6 ಸೆಂ.ಮೀ. ಮೇಲೆ ನೋವಿದ್ದರೆ ಅದು ನಡುಭಾಗದ ತೊಂದರೆ. ಮೂಳೆಗೆ ಅಂಟಿಕೊಂಡ ಜಾಗದಲ್ಲೇ, ಶೂ ಹಿಂಬದಿ ಉಜ್ಜುವಲ್ಲಿ, ನೋವಿದ್ದರೆ ಅದು ಬುಡದ ತೊಂದರೆ. ಎರಡರ ಆರೈಕೆಯೂ ಬಹುಪಾಲು ಒಂದೇ, ಆದರೆ ಒಂದು ವ್ಯತ್ಯಾಸ ಮುಖ್ಯ. ಬುಡದಲ್ಲಿ ನೋವಿದ್ದವರು ಹಿಮ್ಮಡಿ ಕೆಳಗಿಳಿದು ಪಾದ ಮೇಲಕ್ಕೆ ಮಡಚುವ ಭಂಗಿಗಳನ್ನು ದೂರ ಇಡಬೇಕು, ಏಕೆಂದರೆ ಆಗ ಹುರಿ ಮೂಳೆಯ ಉಬ್ಬಿಗೆ ಒತ್ತಿ ನಲುಗುತ್ತದೆ. ನಮ್ಮ ಮನೆಗಳಲ್ಲಿ ಇಂಥ ಭಂಗಿಗಳು ದಿನಕ್ಕೆ ಹತ್ತು ಸಲ ಬರುತ್ತವೆ: ಕುಕ್ಕರಗಾಲಲ್ಲಿ ಕೂರುವುದು, ಇಂಡಿಯನ್ ಶೈಲಿಯ ಶೌಚಾಲಯ, ಸೂರ್ಯನಮಸ್ಕಾರದಲ್ಲಿ ಸೊಂಟ ಮೇಲೆತ್ತಿ ಹಿಮ್ಮಡಿಯನ್ನು ನೆಲಕ್ಕೆ ಒತ್ತುವ ಹಂತ. ವ್ಯಾಯಾಮ ತಪ್ಪದೆ ಮಾಡಿಯೂ ಬುಡದ ನೋವು ಇಳಿಯದವರು ಇವನ್ನು ಒಮ್ಮೆ ಎಣಿಸಿ ನೋಡಬೇಕು. ಸೂರ್ಯನಮಸ್ಕಾರ ಬಿಡಲಾಗದಿದ್ದರೆ ಆ ಹಂತದಲ್ಲಿ ಹಿಮ್ಮಡಿ ಎತ್ತಿಯೇ ಇಟ್ಟುಕೊಳ್ಳಿ.

ಕೆಲವು ಲಕ್ಷಣಗಳಿದ್ದರೆ ಈ ಲೇಖನ ಪಕ್ಕಕ್ಕಿಟ್ಟು ವೈದ್ಯರ ಹತ್ತಿರ ಹೋಗಿ. ಹಿಂದಿನಿಂದ ಯಾರೋ ಒದ್ದಂತಾಗಿ, ಟಪ್ ಎಂದು ಸದ್ದಾಗಿ, ಆಮೇಲೆ ಆ ಕಾಲಿನ ತುದಿಯ ಮೇಲೆ ನಿಲ್ಲಲಾಗದಿದ್ದರೆ ಹುರಿ ಹರಿದಿರಬಹುದು. ಬೋರಲು ಮಲಗಿ, ಪಾದ ಮಂಚದಿಂದಾಚೆ ಇಟ್ಟು, ಬೇರೆಯವರಿಂದ ಮೀನಖಂಡ ಹಿಂಡಿಸಿ. ಪಾದ ಅಲುಗದಿದ್ದರೆ ಅದೇ ದಿನ ಮೂಳೆ ವೈದ್ಯರನ್ನು ಕಾಣಬೇಕು. ಮೀನಖಂಡವೇ ಊದಿ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ, ಕಾಯಬೇಡಿ. ಹಿಮ್ಮಡಿ ಮೂಳೆಯನ್ನು ಎರಡೂ ಪಕ್ಕದಿಂದ ಅಂಗೈಯಲ್ಲಿ ಅದುಮಿದಾಗ ಜೋರು ನೋವಾದರೆ ಮೂಳೆ ಬಿರುಕನ್ನು ಸಂಶಯಿಸಬೇಕು. ಎರಡೂ ಹಿಮ್ಮಡಿಗಳಲ್ಲಿ ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ ಇದ್ದು ಸೊಂಟವೂ ಹಿಡಿಯುತ್ತಿದ್ದರೆ ಅದು ಓಟದ ಗಾಯವಲ್ಲದೆ ಸಂಧಿವಾತದ ಜಾತಿಯದ್ದಿರಬಹುದು. ಎರಡೂ ಹುರಿಗಳಲ್ಲಿ ಗಂಟುಗಂಟಾದ ದಪ್ಪವಿದ್ದರೆ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ವಂಶಪಾರಂಪರ್ಯವಾಗಿ ಕೊಲೆಸ್ಟ್ರಾಲ್ ಹೆಚ್ಚಿರುವವರಲ್ಲಿ ಅದು ಈ ಹುರಿಯಲ್ಲೂ ಶೇಖರವಾಗಬಹುದು.

ಮಾತ್ರೆಯ ವಿಷಯವೂ ಒಂದಿದೆ. ಭೇದಿ, ಮೂತ್ರದ ಸೋಂಕು, ಟೈಫಾಯ್ಡ್‌ಗೆ ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಗುಂಪಿನ ಆಂಟಿಬಯಾಟಿಕ್‌ಗಳು ಈ ಹುರಿಯನ್ನು ದುರ್ಬಲಗೊಳಿಸಿ ಹರಿಯುವಂತೆ ಮಾಡಬಲ್ಲವು. 2008ರಲ್ಲೇ ಅಮೆರಿಕದ ಔಷಧ ನಿಯಂತ್ರಕರು ಈ ಎಚ್ಚರಿಕೆಯನ್ನು ಕಪ್ಪು ಚೌಕದೊಳಗೆ ಮುದ್ರಿಸಲು ಹೇಳಿದರು. ವೈದ್ಯರು ಔಷಧಿ ಬರೆಯುವಾಗಲೇ ಹುರಿಯ ತೊಂದರೆ ತಿಳಿಸಿ, ಬೇರೆ ಔಷಧಿ ಸಾಧ್ಯವೇ ಕೇಳಿ. ಈಗಾಗಲೇ ನುಂಗಿದ್ದರೆ ಓಟ ನಿಲ್ಲಿಸಿ ಅವರ ಸಲಹೆ ಪಡೆಯಿರಿ. ಹುರಿಯೊಳಕ್ಕೆ ಸ್ಟಿರಾಯ್ಡ್ ಚುಚ್ಚಿಸಿಕೊಳ್ಳುವುದೂ ಇದೇ ಅಪಾಯದ ದಾರಿ. ಉಳುಕು ತೆಗೆಸಲು ಹೋಗಿ ಹುರಿಯನ್ನು ಗಟ್ಟಿಯಾಗಿ ತಿಕ್ಕಿಸಿಕೊಳ್ಳಬೇಡಿ. ಎಣ್ಣೆ ಹಚ್ಚಿಸಿಕೊಳ್ಳುವುದೇ ಆದರೆ ಮೀನಖಂಡಕ್ಕೆ ಮಾತ್ರ.

ಬೆಳಗಿನ ಅಂಕ

ಈ ಗಾಯದಲ್ಲಿ ಓಟಗಾರ ಮೋಸಹೋಗುವುದು ಒಂದೇ ಜಾಗದಲ್ಲಿ. ಓಡುತ್ತಾ ಓಡುತ್ತಾ ಹುರಿ ಬಿಸಿಯಾಗಿ ನೋವು ಮಾಯವಾಗುತ್ತದೆ. ಅದನ್ನು ವಾಸಿಯಾದ ಗುರುತು ಎಂದುಕೊಂಡು 8 ಕಿ.ಮೀ. ಓಡಬೇಕಿದ್ದವರು 14 ಓಡುತ್ತಾರೆ. ಹುರಿಯ ಉತ್ತರ ಬರುವುದು ಮಾರನೆಯ ಬೆಳಿಗ್ಗೆ, ಕೆಲವೊಮ್ಮೆ ಅದರ ಮಾರನೆಯ ಬೆಳಿಗ್ಗೆ. ಜೋರಾದ ಓಟದ ನಂತರ ಮೊದಲ ಒಂದೂವರೆ ದಿನ ಹುರಿಯಲ್ಲಿ ಹೊಸ ಕೊಲಾಜೆನ್ ನಾರು ಕಟ್ಟುವುದಕ್ಕಿಂತ ಹಳೆಯದು ಕಳಚುವುದೇ ಹೆಚ್ಚು. ಆ ಹೊತ್ತಿನಲ್ಲಿ ಮತ್ತೆ ಭಾರ ಹಾಕಿದರೆ ಕಳಚಿದ್ದು ಕಟ್ಟಿಕೊಳ್ಳುವುದಿಲ್ಲ. ಓಟಗಳ ನಡುವೆ 48 ಗಂಟೆ ಇರಲಿ ಎನ್ನುವ ನಿಯಮ ಬಂದಿರುವುದು ಇಲ್ಲಿಂದ.

ಹಾಗಾಗಿ ಓಡುವಾಗಿನ ನೋವಿಗಿಂತ ಬೆಳಗಿನ ಅಂಕವನ್ನು ನಂಬಿ. ಎದ್ದ ಕೂಡಲೇ ಬಿಗಿತ ಎಷ್ಟು ನಿಮಿಷ ಇತ್ತು ಗಮನಿಸಿ. ಹಲ್ಲುಜ್ಜಿದ ಮೇಲೆ ಗೋಡೆಗೆ ಬೆರಳು ತಾಗಿಸಿ, ಗಾಯದ ಕಾಲೊಂದರಲ್ಲೇ ನಿಂತು ಐದು ಸಲ ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸಿ, ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಬರೆಯಿರಿ: 12 ನಿಮಿಷ, ನೋವು 3. ಮೂರು ವಾರ ಬರೆದರೆ ಯಾವ ಓಟ ಹುರಿಗೆ ಒಗ್ಗಲಿಲ್ಲ ಎನ್ನುವುದು ಕಣ್ಣೆದುರು ಬರುತ್ತದೆ.

ಅಂಕ 2ರವರೆಗೆ ಇದ್ದರೆ ಯೋಜನೆಯಂತೆ ಮುಂದುವರಿಯಿರಿ. 3ರಿಂದ 5 ಇದ್ದರೆ, ಮಾರನೆಯ ಬೆಳಿಗ್ಗೆಗೆ ಹಿಂದಿನ ಮಟ್ಟಕ್ಕೆ ಇಳಿದರೆ ತೊಂದರೆಯಿಲ್ಲ, ಅದೇ ದೂರವನ್ನು ಇನ್ನೊಮ್ಮೆ ಓಡಿ, ಹೆಚ್ಚಿಸಬೇಡಿ. 5 ದಾಟಿದರೆ, ಅಥವಾ ಎರಡು ಬೆಳಿಗ್ಗೆ ಸತತ ಏರಿದರೆ, ಒಂದು ವಾರ ಹಿಂದಿನ ಹಂತಕ್ಕೆ ಹೋಗಿ. ಈ ಅಳತೆಗೋಲನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪರೀಕ್ಷಿಸಿದ್ದರು. ಐದರೊಳಗಿನ ನೋವಿನಲ್ಲಿ ಓಟ ಮುಂದುವರಿಸಿದವರೂ, ಆರು ವಾರ ಓಟ ನಿಲ್ಲಿಸಿದವರೂ ಸರಿಸುಮಾರು ಒಂದೇ ರೀತಿ ಚೇತರಿಸಿಕೊಂಡರು. ಎರಡೂ ಗುಂಪು ವ್ಯಾಯಾಮವನ್ನು ಮಾತ್ರ ಬಿಟ್ಟಿರಲಿಲ್ಲ. ನೋವಿನ ಮಾತ್ರೆ ನುಂಗಿದ ದಿನ ಅಂಕಕ್ಕೆ ಬೆಲೆಯಿಲ್ಲ. ಲಾಂಗ್ ರನ್‌ಗೆ, ಅಂದರೆ ವಾರದ ಅತಿ ಉದ್ದದ ಓಟಕ್ಕೆ, ಮುಂಚೆ ಐಬುಪ್ರೊಫೇನ್, ಡೈಕ್ಲೊಫಿನಾಕ್ ನುಂಗುವ ಚಾಳಿ ಇದ್ದರೆ ಬಿಡಿ. ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಅದು ಮೂತ್ರಪಿಂಡಕ್ಕೂ ಹೊರೆ.

1ರಿಂದ 3ನೇ ವಾರ: ಉರಿ ಇಳಿಸುವುದು

ಓಟ ನಿಲ್ಲಿಸಿ. ಬದಲಿಗೆ ದಿನ ಬಿಟ್ಟು ದಿನ 40-60 ನಿಮಿಷ ಸೈಕಲ್ ತುಳಿಯಿರಿ, ಸೀಟು ತುಸು ಎತ್ತರವಿರಲಿ, ಪೆಡಲ್ ಪಾದದ ನಡುವಿಗೆ ಬರಲಿ. ಮುಂಗಾಲಿನಿಂದ ತುಳಿದರೆ ಹುರಿಗೆ ಕೆಲಸ ಹೆಚ್ಚುತ್ತದೆ. ಈಜು ಬಲ್ಲವರಿಗೆ ಆಳದ ನೀರಿನಲ್ಲಿ ತೇಲುಪಟ್ಟಿ ಕಟ್ಟಿಕೊಂಡು ಓಡುವುದು ಇನ್ನೂ ಒಳ್ಳೆಯದು, ಆದರೆ ಗೋಡೆಗೆ ಒದ್ದು ತಿರುಗುವುದು ಬೇಡ.

ಮನೆಯೊಳಗೆ ಬರಿಗಾಲಲ್ಲಿ ಟೈಲ್ಸ್ ಮೇಲೆ ಓಡಾಡುವುದನ್ನು, ಚಪ್ಪಟೆ ಹವಾಯಿ ಚಪ್ಪಲಿಯನ್ನು ಈ ಮೂರು ವಾರ ಬಿಡಿ. ಹಿಮ್ಮಡಿ ಒಂದು ಸೆಂಟಿಮೀಟರ್ ಎತ್ತರವಿರುವ ಚಪ್ಪಲಿ ಮನೆಯೊಳಗೂ ಇರಲಿ. ಹುರಿಯನ್ನು ಎಳೆದು ಸ್ಟ್ರೆಚ್ ಮಾಡಬೇಡಿ. ಬಿಗಿ ಅನ್ನಿಸುತ್ತದೆ, ಎಳೆದರೆ ಹಿತವೂ ಅನ್ನಿಸುತ್ತದೆ, ಸಂಜೆಗೆ ನೋವು ಹೆಚ್ಚಿರುತ್ತದೆ.

ದಿನಕ್ಕೆ ಎರಡು ಸಲ ಮಾಡಬೇಕಾದದ್ದು ಇಷ್ಟು: ಎರಡೂ ಕಾಲಿನ ತುದಿಯ ಮೇಲೆ ಏರಿ, ಅರ್ಧ ಎತ್ತರದಲ್ಲಿ 45 ಸೆಕೆಂಡ್ ಅಲುಗದೆ ನಿಲ್ಲುವುದು, ಎರಡು ನಿಮಿಷ ಬಿಡುವು, ಹೀಗೆ ಐದು ಸಲ. ಸುಲಭವಾದರೆ ಗಾಯದ ಕಾಲಿಗೆ ಹೆಚ್ಚು ತೂಕ ವಾಲಿಸಿ. ಹಲವರಿಗೆ ಇದರಿಂದ ಕೆಲವು ಗಂಟೆ ನೋವೂ ತಗ್ಗುತ್ತದೆ.

ಬಲ ಕಟ್ಟುವುದು

ಇಡೀ ಯೋಜನೆಯಲ್ಲಿ ಬಿಡಬಾರದ್ದು ಯಾವುದು ಎಂದರೆ ಇದೇ. ಒಂದು ಓಟ ತಪ್ಪಿದರೂ ಚಿಂತೆಯಿಲ್ಲ.

ಉಮೆಯೊ ಊರಿನ ಸ್ವೀಡಿಷ್ ಶಸ್ತ್ರವೈದ್ಯ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ಕ್ರಮ ಇವತ್ತಿಗೂ ಫಿಸಿಯೊಥೆರಪಿಸ್ಟ್‌ಗಳು ಹೇಳಿಕೊಡುವಂಥದ್ದು: ಮೆಟ್ಟಿಲಂಚಿನಲ್ಲಿ ಮುಂಗಾಲೂರಿ, ಗಾಯದ ಕಾಲಲ್ಲಿ ಹಿಮ್ಮಡಿ ಕೆಳಗಿಳಿಸುವುದು, ಮಂಡಿ ನೇರ ಇಟ್ಟು 15ರಂತೆ ಮೂರು ಸುತ್ತು, ಮಂಡಿ ಬಾಗಿಸಿ ಮೂರು ಸುತ್ತು, ದಿನಕ್ಕೆರಡು ಸಲ, 12 ವಾರ. ದಿನಕ್ಕೆ 180 ಸಲ ಆಯಿತು. ಕೆಲಸಕ್ಕೆ ಹೋಗುವವರು ಎರಡನೇ ವಾರಕ್ಕೇ ಬಿಟ್ಟುಬಿಡುವುದು ಈ ಸಂಖ್ಯೆಯ ಕಾರಣಕ್ಕೆ. 2015ರಲ್ಲಿ ಡೆನ್ಮಾರ್ಕಿನವರು ವಾರಕ್ಕೆ ಮೂರೇ ದಿನದ, ಭಾರ ಹೆಚ್ಚಿರುವ, ನಿಧಾನಗತಿಯ ಕ್ರಮವನ್ನು ಇದರ ಜೊತೆ ಹೋಲಿಸಿದಾಗ ಫಲಿತಾಂಶ ಸಮಸಮ ಬಂತು. ಮ್ಯಾರಥಾನ್ ತಯಾರಿಯವರಿಗೆ ನಮ್ಮ ಶಿಫಾರಸು ಈ ಎರಡನೆಯದು.

ಪ್ರತಿ ಎತ್ತುವಿಕೆಗೆ ಆರು ಸೆಕೆಂಡ್: ಮೂರು ಎಣಿಸುತ್ತಾ ಮೇಲೆ, ಮೂರು ಎಣಿಸುತ್ತಾ ಕೆಳಗೆ. ಬೇಗಬೇಗ ಮಾಡಿದರೆ ಹುರಿ ಸ್ಪ್ರಿಂಗಿನಂತೆ ಪುಟಿದು ಸ್ನಾಯು ತಪ್ಪಿಸಿಕೊಳ್ಳುತ್ತದೆ.

2ನೇ ವಾರದಿಂದ ಎರಡೂ ಕಾಲಲ್ಲಿ, ಸಮನೆಲದಲ್ಲಿ, 15ರಂತೆ 3 ಸುತ್ತು. 4ನೇ ವಾರದಿಂದ ಎರಡು ಕಾಲಲ್ಲಿ ಏರಿ ಒಂದರಲ್ಲಿ ಇಳಿಯುವುದು, ಆಮೇಲೆ ಒಂದೇ ಕಾಲಲ್ಲಿ ಏರಿಳಿಯುವುದು, 12ರಂತೆ 3 ಸುತ್ತು. ನಡುಭಾಗದ ನೋವಿನವರು ಈಗ ಮೆಟ್ಟಿಲಂಚಿಗೆ ಹೋಗಬಹುದು, ಬುಡದ ನೋವಿನವರು ಕೊನೆವರೆಗೂ ನೆಲದ ಮೇಲೇ ಇರಲಿ. 6ನೇ ವಾರದಿಂದ ಬೆನ್ನಿಗೆ ಬ್ಯಾಗ್. 5 ಕಿಲೋ ಅಕ್ಕಿ ಚೀಲದಿಂದ ಶುರುಮಾಡಿ, ವಾರಕ್ಕೆ ಎರಡು ಕಿಲೋದಂತೆ ಸೇರಿಸುತ್ತಾ ಹೋಗಿ. ಭಾರ ಏರಿದಂತೆ ಸಂಖ್ಯೆ 8ಕ್ಕೆ, 6ಕ್ಕೆ ಇಳಿಸಿ, ಸುತ್ತು 4 ಮಾಡಿ. ಸರಿಯಾದ ಭಾರ ಎಂದರೆ ಕೊನೆಯ ಎರಡು ಎತ್ತುವಷ್ಟರಲ್ಲಿ ಮೀನಖಂಡ ನಡುಗಬೇಕು.

ಮಂಡಿ ಬಾಗಿಸಿ ಮಾಡುವುದನ್ನು ಬಹಳ ಜನ ಬಿಡುತ್ತಾರೆ. ಮೀನಖಂಡದ ಒಳಪದರದ ಸೋಲಿಯಸ್ ಎಂಬ ಸ್ನಾಯುವೇ ದೂರದ ಓಟದಲ್ಲಿ ಹೆಚ್ಚು ದುಡಿಯುವುದು, ಮಂಡಿ ಬಾಗಿದಾಗ ಕೆಲಸ ಬಹುಪಾಲು ಅದರ ಮೇಲೆ ಬೀಳುತ್ತದೆ. ಜಿಮ್ ಇಲ್ಲದಿದ್ದರೆ ಮನೆಯ ನೀರಿನ ಕ್ಯಾನ್ ಸಾಕು. ಗಟ್ಟಿ ಕುರ್ಚಿಯ ತುದಿಗೆ ಕೂತು, ಗಾಯದ ಕಾಲಿನ ಮಂಡಿಗಿಂತ ತುಸು ಹಿಂದೆ, ತೊಡೆಯ ಮೇಲೆ ಟವೆಲ್ ಮಡಚಿ ಹಾಕಿ, ಅದರ ಮೇಲೆ 20 ಲೀಟರ್ ಕ್ಯಾನ್ ಇಟ್ಟು ಕೈಯಲ್ಲಿ ಹಿಡಿದುಕೊಳ್ಳಿ. ಮೊದಲ ವಾರ ಅರ್ಧ ನೀರು, ಅಂದರೆ 10 ಕಿಲೋ, ಆಮೇಲೆ ಪೂರ್ತಿ. ಕ್ಯಾನ್ ಜಾರದಂತೆ ಮುಚ್ಚಳ ಬಿಗಿಯಾಗಿರಲಿ, ಪಕ್ಕದಲ್ಲಿ ಒಬ್ಬರಿರಲಿ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, 12ರಂತೆ 4 ಸುತ್ತು.

ಓಟ ಶುರುವಾದ ಮೇಲೆ ಬಲದ ವ್ಯಾಯಾಮವನ್ನು ಓಟದ ದಿನವೇ ಸಂಜೆ ಮಾಡಿ. ಬಿಡುವಿನ ದಿನಕ್ಕೆ ಹಾಕಿಕೊಂಡರೆ ಹುರಿಗೆ ಬಿಡುವೇ ಸಿಗುವುದಿಲ್ಲ.

4ರಿಂದ 8ನೇ ವಾರ: ನಡೆ-ಓಟ

ಮೂರು ಪರೀಕ್ಷೆ ದಾಟಿದರೆ ಓಡಬಹುದು: ಅರ್ಧ ಗಂಟೆ ಬಿರುಸು ನಡಿಗೆಯ ಮಾರನೆಯ ಬೆಳಿಗ್ಗೆ ಅಂಕ ಏರಿರಬಾರದು, ಒಂದೇ ಕಾಲಲ್ಲಿ 15 ಸಲ ಹಿಮ್ಮಡಿ ಎತ್ತಲಾಗಬೇಕು, ಅದೇ ಕಾಲಲ್ಲಿ 10 ಸಲ ಕುಂಟಿಬಿಲ್ಲೆಯಂತೆ ಜಿಗಿದಾಗ ನೋವು 3 ಮೀರಬಾರದು. ದಾಟದಿದ್ದರೆ ಇನ್ನೊಂದು ವಾರ ಸೈಕಲ್.

ಮಂಗಳವಾರ, ಗುರುವಾರ, ಭಾನುವಾರ. 4ನೇ ವಾರ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 8 ಸಲ. 5ನೇ ವಾರ 2 ಮತ್ತು 2, ಎಂಟು ಸಲ. 6ನೇ ವಾರ 4 ಮತ್ತು 1, ಆರು ಸಲ. 7ನೇ ವಾರ 9 ಮತ್ತು 1, ಮೂರು ಸಲ. 8ನೇ ವಾರ ನಿಲ್ಲದೆ 30 ನಿಮಿಷ. ಹೆಜ್ಜೆ ಚಿಕ್ಕದು, ಸಂಖ್ಯೆ ಹೆಚ್ಚು. ನಿಮಿಷಕ್ಕೆ 160 ಹೆಜ್ಜೆ ಹಾಕುತ್ತಿದ್ದವರು 168-170ಕ್ಕೆ ಏರಿಸಿದರೆ ಪ್ರತಿ ಹೆಜ್ಜೆಯ ಎಳೆತ ಕಡಿಮೆಯಾಗುತ್ತದೆ.

ನೆಲ ಸಮತಟ್ಟಾಗಿರಲಿ. ಬೆಂಗಳೂರಿನಲ್ಲಿ ಅದೇ ಕಷ್ಟ, ಊರೇ ಏರಿಳಿತದ ಮೇಲೆ ಕೂತಿದೆ. ಕಬ್ಬನ್ ಪಾರ್ಕಿನ ಒಳರಸ್ತೆಗಳಲ್ಲಿ ತೀರಾ ಚಪ್ಪಟೆಯ ಭಾಗ ಹುಡುಕಿ ಅಲ್ಲೇ ಸುತ್ತು ಹಾಕಿ. ಕಂಠೀರವದಂಥ ಸಿಂಥೆಟಿಕ್ ಟ್ರ್ಯಾಕ್ ಸಿಕ್ಕರೆ ಹೊರಗಿನ ಲೇನ್ ಹಿಡಿಯಿರಿ, ಒಳಗಿನ ತಿರುವುಗಳಲ್ಲಿ ಒಂದೇ ಕಾಲಿಗೆ ಭಾರ ವಾಲುತ್ತದೆ. ಶ್ರೀರಂಗಪಟ್ಟಣ ಕಡೆಯವರಿಗೆ ಕಾಲುವೆ ಏರಿಯ ಮಣ್ಣುದಾರಿ ವರದಾನ. ಸಡಿಲ ಮರಳು ಮಾತ್ರ ಬೇಡ, ಹಿಮ್ಮಡಿ ಹೂತು ಹುರಿ ಜಗ್ಗುತ್ತದೆ. ಶೂ ಹಿಮ್ಮಡಿ-ಮುಂಗಾಲಿನ ಎತ್ತರದ ವ್ಯತ್ಯಾಸ 10 ಮಿ.ಮೀ. ಆಸುಪಾಸಿರಲಿ, ಚಪ್ಪಟೆ ಶೂ ಇರುವವರು ಎರಡೂ ಶೂಗಳಿಗೆ 6 ಮಿ.ಮೀ. ಹಿಮ್ಮಡಿ ಮೆತ್ತೆ ಹಾಕಿಕೊಳ್ಳಿ, ಒಂದಕ್ಕೇ ಹಾಕಿದರೆ ಸೊಂಟ ಓರೆಯಾಗುತ್ತದೆ.

9ರಿಂದ 23ನೇ ವಾರ: ಕಿಲೋಮೀಟರ್

ಮೊದಲು ದೂರ, ಆಮೇಲೆ ಏರು, ಕೊನೆಗೆ ವೇಗ. ಈ ಕ್ರಮ ತಲೆಕೆಳಗಾಗಬಾರದು. ವಾರಕ್ಕೆ ಮೂರೇ ಓಟ. ಬುಧವಾರ, ಶುಕ್ರವಾರ ಒಂದೊಂದು ಗಂಟೆ ಸೈಕಲ್. ದಮ್ಮು ಅಲ್ಲಿಂದ ಬರಲಿ. ಮೂರು ಓಟದ ತಯಾರಿಯಲ್ಲಿ ನಿಮ್ಮ ಅತ್ಯುತ್ತಮ ಸಮಯ ಬರುವುದು ಕಷ್ಟ, ಈ ಸಲ ಗುರಿ ಮುಗಿಸುವುದು.

ಭಾನುವಾರದ ಲಾಂಗ್ ರನ್ 9ನೇ ವಾರದಿಂದ ಹೀಗೆ: 8, 10, 12, 9, 14, 16, 12, 18, 21, 16, 25, 18, 30, 20, 12 ಕಿ.ಮೀ. ನಡುನಡುವೆ ಇಳಿದಿರುವ ಸಂಖ್ಯೆಗಳನ್ನು ಹಾರಿಸಬೇಡಿ, ಹುರಿ ಹಿಂದಿನ ವಾರಗಳ ಭಾರ ಅರಗಿಸಿಕೊಳ್ಳುವುದು ಅಲ್ಲೇ. ಮಂಗಳವಾರ, ಗುರುವಾರ 5 ಕಿ.ಮೀ.ಯಿಂದ ಆರಂಭಿಸಿ 14ನೇ ವಾರಕ್ಕೆ 8, ಗರಿಷ್ಠ 10. ಪಕ್ಕದವರ ಜೊತೆ ಮಾತಾಡುತ್ತಾ ಓಡುವ ವೇಗ ಸಾಕು.

10ನೇ ವಾರದಿಂದ ಮಂಗಳವಾರದ ಓಟಕ್ಕೆ ಮುಂಚೆ ಹಗ್ಗದಾಟ ಸೇರಿಸಿ, 20 ಜಿಗಿತದಂತೆ 3 ಸುತ್ತು. ಹುರಿ ಮತ್ತೆ ಸ್ಪ್ರಿಂಗಿನ ಕೆಲಸ ಕಲಿಯಬೇಕು, ಬರೀ ಭಾರ ಎತ್ತಿದರೆ ಅದು ಬರುವುದಿಲ್ಲ. 15ನೇ ವಾರದಿಂದ ಗುರುವಾರ ಮೆಲ್ಲನೆಯ ಏರಿನಲ್ಲಿ 200 ಮೀಟರ್‌ನಂತೆ 4 ಸಲ, ಇಳಿಯುವಾಗ ನಡಿಗೆ. 16ನೇ ವಾರದಿಂದ ಭಾನುವಾರ ಸಂಜೆಯ ಬಲದ ವ್ಯಾಯಾಮ ಬಿಟ್ಟು ಎರಡೇ ದಿನ ಮಾಡಿ. 17ನೇ ವಾರದ 21 ಕಿ.ಮೀ.ಯಲ್ಲಿ ಕೊನೆಯ 5ನ್ನು ಮ್ಯಾರಥಾನ್ ವೇಗದಲ್ಲಿ ಓಡಿ ನೋಡಿ.

ದಸರಾ, ದೀಪಾವಳಿ ಈ ವಾರಗಳಲ್ಲೇ ಬರುತ್ತವೆ. ತಪ್ಪಿದ ಓಟವನ್ನು ಮಾರನೆಯ ದಿನಕ್ಕೆ ಸೇರಿಸಬೇಡಿ, ಹೋಯಿತು ಎಂದು ಬಿಡಿ. ಜಂಬೂಸವಾರಿ ನೋಡಲು ಆರು ಗಂಟೆ ನಿಂತದ್ದೂ ಹುರಿಗೆ ಭಾರವೇ, ಅಂದಿನ ಲೆಕ್ಕಕ್ಕೆ ಅದನ್ನೂ ಹಾಕಿ.

ನವೆಂಬರ್ ಎರಡನೇ ವಾರ, ಅಂದರೆ 14ನೇ ವಾರದ ಕೊನೆಗೆ, ತೀರ್ಮಾನದ ದಿನ. 16 ಕಿ.ಮೀ. ಓಡಿದ ಮಾರನೆಯ ಬೆಳಿಗ್ಗೆ ಅಂಕ 3ರೊಳಗಿದ್ದು, ಬಿಗಿತ ಹತ್ತು ನಿಮಿಷದೊಳಗೆ ಬಿಟ್ಟು, ಎರಡೂ ಕಾಲುಗಳಲ್ಲಿ ಒಂದೇ ಸಮ 25 ಹಿಮ್ಮಡಿ ಎತ್ತಲು ಬಂದರೆ ಮುಂದುವರಿಯಿರಿ. ಇಲ್ಲದಿದ್ದರೆ ಹಾಫ್‌ಗೆ ಇಳಿಯಿರಿ. ವಿಭಾಗ ಬದಲಿಸುವ ನಿಯಮಗಳನ್ನು ನೋಂದಾಯಿಸುವಾಗಲೇ ಓದಿಟ್ಟುಕೊಂಡಿರಿ. ಈ ತೀರ್ಮಾನ ಡಿಸೆಂಬರ್‌ಗೆ ಮುಂದೂಡಿದರೆ ಕಟ್ಟಿದ ಫೀಸು, ಬುಕ್ ಮಾಡಿದ ರೈಲು ಟಿಕೆಟ್ ಸೇರಿಕೊಂಡು ನಿಮ್ಮ ಬದಲು ಅವೇ ತೀರ್ಮಾನ ಮಾಡುತ್ತವೆ.

ಓಟದ ವಾರ ಮತ್ತು ಅದರ ನಂತರ

24ನೇ ವಾರ ಮಂಗಳವಾರ 5 ಕಿ.ಮೀ., ಗುರುವಾರ 3. ಬಲದ ವ್ಯಾಯಾಮ ಮಂಗಳವಾರ ಒಂದೇ ಸಲ, ಬ್ಯಾಗಿಲ್ಲದೆ. ಹೊಸ ಶೂ ಬೇಡ. ಕಾರ್ಬನ್ ಪ್ಲೇಟ್ ಶೂ ಹಾಕುವವರು ಕನಿಷ್ಠ ಎರಡು ಲಾಂಗ್ ರನ್ ಅದರಲ್ಲೇ ಮುಗಿಸಿರಬೇಕು. ಶನಿವಾರ ನಂಬರ್ ತೆಗೆದುಕೊಂಡ ಮೇಲೆ ಮುಂಬೈ ಸುತ್ತಬೇಡಿ.

ಭಾನುವಾರ ನಸುಕಿನಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಳಿ ಹೊರಡುವ ಮುಂಚೆ ಹತ್ತು ನಿಮಿಷ ನಡಿಗೆ, 10 ಹಿಮ್ಮಡಿ ಎತ್ತುವಿಕೆ. ಮೊದಲ 3 ಕಿ.ಮೀ. ನಿಮ್ಮ ವೇಗಕ್ಕಿಂತ ಕಿಲೋಮೀಟರಿಗೆ 30 ಸೆಕೆಂಡ್ ನಿಧಾನ. ಸುಮಾರು 900 ಮೀಟರ್ ಎತ್ತರದ ಒಣ ಹವೆಯಿಂದ ಬಂದ ಬೆಂಗಳೂರಿನವರಿಗೆ ಕಡಲ ತೇವ ಬೇಗ ದಣಿವು ತರುತ್ತದೆ. ದಣಿದಾಗ ಹೆಜ್ಜೆ ಉದ್ದವಾಗಿ ಹಿಮ್ಮಡಿ ಕುಕ್ಕುತ್ತದೆ. ಮಾರ್ಗ ಪೆಡ್ಡರ್ ರಸ್ತೆಯ ಮೂಲಕ ಮರಳುವುದಾದರೆ ಅಲ್ಲಿನ ಏರು ಓಟದ ಕೊನೆಯ ಭಾಗದಲ್ಲಿ, ಕಾಲು ಸೋತ ಹೊತ್ತಿಗೆ ಸಿಗುತ್ತದೆ. ಅದನ್ನು ನಡೆದು ಏರಿ. ಒಂದೆರಡು ನಿಮಿಷ ಹೋಗುತ್ತದೆ, ಅಷ್ಟೇ. ಮಧ್ಯದಲ್ಲಿ ಎಲ್ಲಿಯಾದರೂ ಚಾಕು ಇರಿದಂಥ ನೋವು ಬಂದು ಕುಂಟಲು ಶುರುವಾದರೆ ನಿಲ್ಲಿಸಿ. ಕುಂಟುತ್ತಾ ಓಡಿದರೆ ಇನ್ನೊಂದು ಕಾಲಿನ ಮೀನಖಂಡವೂ ಹಿಡಿಯುತ್ತದೆ.

ಮುಗಿಸಿದ ಮೇಲೆ ಎರಡು ವಾರ ಓಟ ಇಲ್ಲ. ಐದನೇ ದಿನದಿಂದ ಎರಡೂ ಕಾಲಲ್ಲಿ ಹಿಮ್ಮಡಿ ಎತ್ತುವುದು, ಹತ್ತನೇ ದಿನದಿಂದ ಬ್ಯಾಗ್ ಹಾಕಿ. ಕ್ಯಾಲೆಂಡರಿನ ಅಂಕ ಬರೆಯುವುದನ್ನು ಮಾರ್ಚ್‌ವರೆಗೆ ನಿಲ್ಲಿಸಬೇಡಿ, ವಾರಕ್ಕೆರಡು ದಿನದ ಭಾರವನ್ನು ವರ್ಷವಿಡೀ.